ಕಾಡು ನೀರುಗಳ ನಂಟನ್ನರಿತ ಹಂಬೋಲ್ಟ್

ಮರವನ್ನು ಕಡಿಯುವವನಿಗೆ ಕಾಣುವುದು ಅದರ ಮೋಪು ಮಾತ್ರ. ಅದು ಹಿಡಿದಿಟ್ಟ ನೀರು, ತಂಪುಗೊಳಿಸಿದ ಗಾಳಿ, ಕಾಪಾಡಿದ ಮಣ್ಣು ಅವನ ಲೆಕ್ಕಕ್ಕೆ ಬರುವುದಿಲ್ಲ. ಹೀಗೆ ಲೆಕ್ಕದಿಂದ ಬಿಟ್ಟುಹೋದುದನ್ನು ಇನ್ನೂರು ವರ್ಷಗಳಿಗೂ ಹಿಂದೆಯೇ ಲೋಕದ ಗಮನಕ್ಕೆ ತಂದವರು ಜರ್ಮನ್ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. ಭೂಮಿಯ ಹವಾಮಾನ ಏರುಪೇರಾಗುತ್ತಿರುವ ಈ ದಿನಗಳಲ್ಲಿ ಅವರ ಜೀವನವನ್ನು ಸ್ಮರಿಸುವುದು ಉಚಿತವಾಗಿದೆ.

ಹಂಬೋಲ್ಟರು ೧೭೬೯ನೆಯ ಇಸವಿ ಸೆಪ್ಟೆಂಬರ್ ೧೪ರಂದು ಬರ್ಲಿನ್ ನಗರದ ಸಿರಿವಂತ ಮನೆತನವೊಂದರಲ್ಲಿ ಜನಿಸಿದರು. ಒಂಬತ್ತನೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡರು. ಫ್ರೈಬರ್ಗಿನಲ್ಲಿ ಗಣಿವಿದ್ಯೆಯನ್ನು ಅಭ್ಯಾಸಮಾಡಿ ಪ್ರಷ್ಯಾ ಸರ್ಕಾರದ ಗಣಿ ಇಲಾಖೆಯಲ್ಲಿ ಅಧಿಕಾರಿಯಾದರು. ೧೭೯೬ರಲ್ಲಿ ತಾಯಿ ತೀರಿಕೊಂಡ ಬಳಿಕ ಹುದ್ದೆಯನ್ನು ತ್ಯಜಿಸಿ, ತಮ್ಮ ಪಾಲಿಗೆ ಬಂದ ಆಸ್ತಿಯನ್ನು ಸುಖಭೋಗಕ್ಕೆ ಬಳಸದೆ ಜ್ಞಾನಾರ್ಜನೆಗೆ ಮುಡಿಪಾಗಿಟ್ಟರು. ೧೭೯೯ರಲ್ಲಿ ಸಸ್ಯವಿಜ್ಞಾನಿ ಎಮೆ ಬೊನ್‌ಪ್ಲಾಂಡರೊಡನೆ ದಕ್ಷಿಣ ಅಮೆರಿಕೆಗೆ ಹಡಗು ಹತ್ತಿದರು.

೧೮೦೦ನೆಯ ಇಸವಿಯ ಆರಂಭದಲ್ಲಿ ಅವರು ಇಂದಿನ ವೆನೆಜುವೆಲಾ ದೇಶದ ವಲೆನ್ಸಿಯಾ ಸರೋವರದ ದಂಡೆಗೆ ಬಂದರು. ಸರೋವರದ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ಹಿಂದೆ ಮುಳುಗಿದ್ದ ದಿಬ್ಬಗಳು ದ್ವೀಪಗಳಾಗಿ ಮೇಲೆದ್ದಿದ್ದವು. ನೆಲದೊಳಗಿನ ಯಾವುದೋ ಗುಪ್ತಮಾರ್ಗದಿಂದ ನೀರು ಸೋರಿಹೋಗುತ್ತಿದೆಯೆಂದು ಸ್ಥಳೀಯರು ನಂಬಿದ್ದರು. ಹಂಬೋಲ್ಟರು ಆ ನಂಬಿಕೆಯನ್ನು ಒಪ್ಪದೆ ಸುತ್ತಲಿನ ಬೆಟ್ಟಗಳ ಕಡೆಗೆ ದೃಷ್ಟಿ ಹರಿಸಿದರು. ಬೇಸಾಯಕ್ಕಾಗಿ ಕಾಡು ಕಡಿಯಲ್ಪಟ್ಟಿತ್ತು. ನೀಲಿ ಮುಂತಾದ ಬೆಳೆಗಳಿಗೆ ಹೊಳೆಗಳ ನೀರನ್ನು ತಿರುಗಿಸಲಾಗಿತ್ತು. ಮರಗಳಿಲ್ಲದ ಇಳಿಜಾರಿನಲ್ಲಿ ಮಳೆನೀರು ಇಂಗದೆ ರಭಸದಿಂದ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುವುದು, ತೊರೆಗಳು ಬತ್ತುವುದು, ನೆರಳು ತಪ್ಪಿದ ನೆಲ ಕಾಯುವುದು, ಮರಗಳು ಗಾಳಿಗೆ ಕೊಡುತ್ತಿದ್ದ ತೇವ ಕುಗ್ಗುವುದು, ಇವೆಲ್ಲವನ್ನೂ ಅವರು ಒಂದೇ ಸೂತ್ರದಲ್ಲಿ ಪೋಣಿಸಿ ವಿವರಿಸಿದರು. ಬೆಟ್ಟದ ಮರ ಕಡಿದವರು ಮುಂದಿನ ಪೀಳಿಗೆಗೆ ಉರುವಲಿನ ಅಭಾವವನ್ನೂ ನೀರಿನ ಅಭಾವವನ್ನೂ ಒಟ್ಟಿಗೇ ಬಿಟ್ಟುಹೋಗುತ್ತಾರೆಂಬುದು ಅವರ ನಿರ್ಣಯವಾಗಿತ್ತು.

ಈ ನಿರ್ಣಯಕ್ಕೆ ಕಾಲವೇ ಒಂದು ಪರೀಕ್ಷೆಯನ್ನು ಒಡ್ಡಿತು. ಸುಮಾರು ಇಪ್ಪತ್ತೆರಡು ವರ್ಷಗಳ ತರುವಾಯ ಫ್ರೆಂಚ್ ವಿಜ್ಞಾನಿ ಬೂಸಿಂಗೋ ಅದೇ ಸರೋವರವನ್ನು ನೋಡಿದಾಗ ನೀರು ಮತ್ತೆ ಏರಿತ್ತು. ನಡುವಿನ ಸ್ವಾತಂತ್ರ್ಯಸಮರದಲ್ಲಿ ತೋಟಗಳು ಪಾಳುಬಿದ್ದು, ನೀರಿನ ತಿರುವು ನಿಂತು, ಕಾಡು ತಾನಾಗಿ ಚಿಗುರಿತ್ತು. ಮನುಷ್ಯನು ಕೈ ಹಿಂತೆಗೆದರೆ ಪ್ರಕೃತಿ ಎಷ್ಟು ಬೇಗ ಚೇತರಿಸಿಕೊಳ್ಳಬಲ್ಲುದೆಂಬುದಕ್ಕೆ ಇದು ಸಾಕ್ಷಿಯಾಯಿತು. ಆದರೆ ಅದಕ್ಕೆ ತೆತ್ತ ಬೆಲೆ ಒಂದು ಯುದ್ಧ.

೧೮೦೪ರಲ್ಲಿ ಯೂರೋಪಿಗೆ ಮರಳಿದ ಹಂಬೋಲ್ಟರು ತಮ್ಮ ಸಂಪತ್ತನ್ನು ಗ್ರಂಥಪ್ರಕಟಣೆಗೆ ವ್ಯಯಮಾಡಿದರು. ತಾವು ಕಣ್ಣಾರೆ ಕಂಡ ಗುಲಾಮಗಿರಿಯನ್ನು ನಿಷ್ಠುರವಾಗಿ ಖಂಡಿಸಿದರು. ಹಿಮಾಲಯವನ್ನು ನೋಡಬೇಕೆಂಬ ಅವರ ಬಹುಕಾಲದ ಹಂಬಲ ಈಡೇರಲಿಲ್ಲ. ಈಸ್ಟ್ ಇಂಡಿಯಾ ಕಂಪನಿ ಅನುಮತಿಯನ್ನೇ ನೀಡಲಿಲ್ಲ. ೧೮೨೯ರಲ್ಲಿ, ಅರವತ್ತರ ವಯಸ್ಸಿನಲ್ಲಿ, ರಷ್ಯಾದ ವಿಸ್ತಾರವಾದ ಪ್ರದೇಶಗಳನ್ನು ಸಂಚರಿಸಿದರು. ಮಧ್ಯ ಏಷ್ಯಾವನ್ನು ಕುರಿತು ೧೮೪೩ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕಾಡಿನ ನಾಶ ಮತ್ತು ನೀರಿನ ಹಂಚಿಕೆಯಲ್ಲಿನ ಬದಲಾವಣೆಗಳ ಜೊತೆಗೆ, ಕೈಗಾರಿಕಾ ಕೇಂದ್ರಗಳು ಹೊರಬಿಡುವ ಉಗಿ ಮತ್ತು ಅನಿಲಗಳೂ ಹವಾಮಾನವನ್ನು ಮಾರ್ಪಡಿಸಬಲ್ಲವೆಂದು ತಿಳಿಸಿದರು. ೧೮೫೯ನೆಯ ಮೇ ೬ರಂದು ಎಂಬತ್ತೊಂಬತ್ತರ ವಯಸ್ಸಿನಲ್ಲಿ ಬರ್ಲಿನ್ನಿನಲ್ಲಿ ಕಾಲವಶರಾದರು. ಅದೇ ವರ್ಷ ಜಾನ್ ಟಿಂಡಾಲರು ಕೆಲವು ಅನಿಲಗಳು ಶಾಖವನ್ನು ಹೀರಿ ಹಿಡಿಯುತ್ತವೆಂಬುದನ್ನು ಪ್ರಯೋಗದಿಂದ ತೋರಿಸಿದರು. ಮರಗಳು ಇಂಗಾಲವನ್ನು ಒಡಲಲ್ಲಿಟ್ಟುಕೊಂಡು ಭೂಮಿಯನ್ನು ಕಾಯುತ್ತವೆಂಬ ತಿಳಿವಳಿಕೆ ಬೆಳೆದದ್ದು ಆ ಬಳಿಕ.

ಹಂಬೋಲ್ಟರು ಭಾರತವನ್ನು ಕಾಣದಿದ್ದರೂ ಅವರ ವಿಚಾರ ನಮ್ಮ ನಾಡನ್ನು ತಲುಪಿತು. ೧೮೪೦ರ ದಶಕದಲ್ಲಿ ಶಿವಮೊಗ್ಗೆಯಲ್ಲಿ ವೈದ್ಯರಾಗಿದ್ದು ಮಲೆನಾಡಿನ ಸಸ್ಯಗಳನ್ನು ಅಭ್ಯಸಿಸಿದ ಹ್ಯೂ ಕ್ಲೆಘಾರ್ನ್, ಉಷ್ಣವಲಯದ ಕಾಡುಗಳ ನಾಶದ ಪರಿಣಾಮಗಳನ್ನು ಕುರಿತ ವರದಿಯೊಂದನ್ನು ೧೮೫೧ರಲ್ಲಿ ಸಹೋದ್ಯೋಗಿಗಳೊಡನೆ ಬ್ರಿಟನ್ನಿನ ವಿಜ್ಞಾನ ಸಭೆಗೆ ಸಲ್ಲಿಸಿದರು. ಹಂಬೋಲ್ಟ್ ಮತ್ತು ಬೂಸಿಂಗೋ ಅವರ ವಿಚಾರಗಳು ಆ ವರದಿಗೆ ಆಧಾರವಾಗಿದ್ದವು. ೧೮೫೬ರಲ್ಲಿ ಕ್ಲೆಘಾರ್ನ್ ಮದರಾಸು ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡರು.

ಸಸಿ ನೆಡುವುದು ಪುಣ್ಯಕಾರ್ಯವೇ ಸರಿ. ಆದರೆ ನಿಂತ ಕಾಡನ್ನು ಉಳಿಸುವುದು ಅದಕ್ಕಿಂತ ಹಿರಿದು. ಏಕೆಂದರೆ ಬೆಟ್ಟದ ಹಳೆಯ ಕಾಡಿನ ಕೆಲಸವನ್ನು ಇಂದು ನೆಟ್ಟ ಸಸಿ ನಾಳೆಯೇ ಮಾಡಲಾರದು. ಬತ್ತಿದ ಕೆರೆಯ ಕಾರಣವನ್ನು ಕೆರೆಯ ತಳದಲ್ಲಿ ಹುಡುಕದೆ ಮೇಲಿನ ಬೆಟ್ಟದಲ್ಲಿ ಹುಡುಕಲು ಕಲಿಸಿದ ಗುರು ಹಂಬೋಲ್ಟರು. ಆ ದೃಷ್ಟಿಯನ್ನು ಮಕ್ಕಳಲ್ಲಿ ಬೆಳೆಸುವುದು ಅಧ್ಯಾಪಕರ ಕೆಲಸ. ಅದಕ್ಕೆ ನೀರೆರೆಯುವುದು ಶಾಲೆಯನ್ನು ಪ್ರೀತಿಸುವ ಎಲ್ಲರ ಕೆಲಸ.