ಹುಂಚದ ಚಟ್ಟಲದೇವಿ: ಶಾಸನಗಳ ಬೆಳಕಿನಲ್ಲಿ ಒಂದು ಮನೆತನದ ಶೋಧ

ಪ್ರಾಚೀನ ಕರ್ನಾಟಕದ ಸ್ತ್ರೀಯರ ಚರಿತ್ರೆಯನ್ನು ಬರೆಯ ಹೊರಟವರಿಗೆ ಎದುರಾಗುವ ಮೊದಲ ತೊಡಕು ವಂಶಾವಳಿಯದು. ಶಾಸನಗಳಲ್ಲಿ ಸ್ತ್ರೀ ಸಾಮಾನ್ಯವಾಗಿ ಯಾರದೋ ಪತ್ನಿಯಾಗಿ ಅಥವಾ ಯಾರದೋ ತಾಯಿಯಾಗಿ ಕಾಣಿಸಿಕೊಳ್ಳುತ್ತಾಳೆ. ಅವಳ ತವರಿನ ಹೆಸರು ಬಹುಮಟ್ಟಿಗೆ ಮರೆಯಾಗಿರುತ್ತದೆ. ಹನ್ನೊಂದನೆಯ ಶತಮಾನದ ಉತ್ತರಾರ್ಧದಲ್ಲಿ ಹುಂಚದಲ್ಲಿ ನೆಲೆಸಿ ಪಂಚಕೂಟ ಬಸದಿಯನ್ನು ಕಟ್ಟಿಸಿದ ಚಟ್ಟಲದೇವಿ ಈ ಮಾತಿಗೆ ಮುಖ್ಯವಾದ ಅಪವಾದ. ಅವಳ ತಂದೆ, ತಾಯಿ, ತಂಗಿ, ಸಹೋದರರ ಹೆಸರುಗಳು ಇಂದು ತಿಳಿದಿವೆಯೆಂದರೆ ಅದಕ್ಕೆ ಅವಳೇ ಕಾರಣ. ಅವರ ನೆನಪಿಗಾಗಿ ಅವಳು ಎತ್ತಿಸಿದ ಕಟ್ಟಡವೇ ಅವರ ವಂಶದ ದಾಖಲೆಯೂ ಆಗಿದೆ.

ಅವಳ ಬದುಕಿಗೆ ಪ್ರಮುಖ ಆಕರಗಳೆಂದರೆ ಆ ಬಸದಿಗೆ ಸಂಬಂಧಿಸಿದ ಶಕವರ್ಷ 999, ಪಿಂಗಳ ಸಂವತ್ಸರದ, ಅಂದರೆ ಕ್ರಿ.ಶ. 1077ರ ಶಾಸನಗಳು. ಬಿ.ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಇವು ಅಂದಿನ ನಗರ ತಾಲ್ಲೂಕಿನ ಶಾಸನಗಳಾಗಿ ಸೇರಿವೆ. ಇಂದು ಹುಂಚವು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿಗೆ ಸೇರಿದೆ. ಈ ಶಾಸನಗಳ ವೈಶಿಷ್ಟ್ಯವೆಂದರೆ ಅವು ಆಳುವ ಸಾಂತರರ ವಂಶವನ್ನು ಮಾತ್ರ ಹೇಳಿ ನಿಲ್ಲುವುದಿಲ್ಲ, ಗಂಗರ ದೀರ್ಘ ಪೀಳಿಗೆಯನ್ನೂ ವಿವರಿಸುತ್ತವೆ. ಸಾಂತರರ ರಾಜಧಾನಿಯಲ್ಲಿ ಗಂಗರ ವಂಶಾವಳಿಯೇಕೆ ಎಂಬ ಪ್ರಶ್ನೆಗೆ ಉತ್ತರ ಚಟ್ಟಲದೇವಿಯ ತವರಿನಲ್ಲಿದೆ.

ಸಾಂತರರು ತಮ್ಮನ್ನು ಉಗ್ರವಂಶದವರೆಂದು ಹೇಳಿಕೊಂಡವರು. ಉತ್ತರ ಮಧುರೆಯಿಂದ ಬಂದ ಜಿನದತ್ತನು ಪದ್ಮಾವತೀದೇವಿಯ ಅನುಗ್ರಹದಿಂದ ಪೊಂಬುರ್ಚದಲ್ಲಿ ರಾಜ್ಯವನ್ನು ಸ್ಥಾಪಿಸಿದನೆಂಬುದು ಅವರ ಮೂಲಕಥೆ. ಈ ಐತಿಹ್ಯದ ಪದರವನ್ನು ಬಿಟ್ಟು ನೋಡಿದರೂ, ಒಂಬತ್ತನೆಯ ಶತಮಾನದ ಕೊನೆಯ ವೇಳೆಗೆ ವಿಕ್ರಮಸಾಂತರನು ಇಲ್ಲಿ ಬಸದಿಯನ್ನು ಕಟ್ಟಿಸಿದ್ದು ಖಚಿತ. ಸಾಂತಳಿಗೆ ಸಾಸಿರವನ್ನು ಆಳುತ್ತಿದ್ದ ಈ ಮನೆತನವು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮಾಂಡಲಿಕವಾಗಿತ್ತು. 1062ರಲ್ಲಿ ಹುಂಚದ ಅರಸನಾಗಿದ್ದವನು ವೀರಸಾಂತರ. ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿ ಬಸದಿಯನ್ನು ಕಟ್ಟಿಸಿದ್ದು, ರಾಣಿ ಚಾಗಲದೇವಿ ನೊಕ್ಕಿಯಬ್ಬೆಯ ಗುಡಿಯ ಮುಂದೆ ಮಕರತೋರಣವನ್ನು ಮಾಡಿಸಿದ್ದು ಇವನ ಕಾಲದಲ್ಲಿಯೇ.

ತವರಿನ ಕಡೆಯಿಂದ ಚಟ್ಟಲದೇವಿ ಗಂಗರವಳು. ಸುಮಾರು 1004ರಲ್ಲಿ ತಲಕಾಡು ಚೋಳರ ವಶವಾದ ಮೇಲೆ ಗಂಗರ ಸ್ವತಂತ್ರ ರಾಜ್ಯ ಕೊನೆಗೊಂಡಿತು. ಆದರೆ ವಂಶ ಅಳಿಯಲಿಲ್ಲ. ಅದರ ಕವಲುಗಳು ಸಾಮಂತರಾಗಿ, ಬೀಗರಾಗಿ ಬೇರೆ ಬೇರೆ ಮನೆತನಗಳ ಆಶ್ರಯದಲ್ಲಿ ಉಳಿದವು. ಅಂತಹ ಒಂದು ಕವಲಿನ ಅರುಮುಳಿದೇವ ಮತ್ತು ಗಾವಬ್ಬರಸಿ ಚಟ್ಟಲದೇವಿಯ ತಂದೆತಾಯಿಗಳು. ಅರುಮುಳಿದೇವನ ಸಹೋದರನಾದ ರಕ್ಕಸಗಂಗನೇ ಈ ಮಕ್ಕಳನ್ನು ತನ್ನ ಅರಮನೆಯಲ್ಲಿಟ್ಟುಕೊಂಡು ಸಾಕಿದನೆಂದು ತಿಳಿದುಬರುತ್ತದೆ. ಕೆಲವು ಬರಹಗಳಲ್ಲಿ ಅವಳನ್ನು ರಕ್ಕಸಗಂಗನ ಮೊಮ್ಮಗಳೆಂದು ಕರೆದಿರುವುದುಂಟು. ಅರುಮುಳಿದೇವನು ರಕ್ಕಸಗಂಗನ ಸಹೋದರನಾಗಿರುವುದರಿಂದ ಅವಳು ಸಹೋದರನ ಮಗಳಾಗುತ್ತಾಳೆಯೇ ಹೊರತು ಮೊಮ್ಮಗಳಲ್ಲ. ಸಾಕಿದವನೊಬ್ಬ, ಹಡೆದವನೊಬ್ಬ ಆದುದೇ ಈ ಗೊಂದಲಕ್ಕೆ ಎಡೆಮಾಡಿರಬಹುದು.

ಅಕ್ಕತಂಗಿಯರ ವಿವಾಹಗಳು ಈ ಕವಲನ್ನು ಎರಡು ದಿಕ್ಕಿಗೆ ಒಯ್ದವು. ಚಟ್ಟಲದೇವಿ ತೊಂಡನಾಡಿನ ಅಧಿಪತಿಯಾದ ಪಲ್ಲವ ವಂಶದ ಕಾಡುವೆಟ್ಟಿಯ ರಾಣಿಯಾದಳು. ಕಂಚಲದೇವಿ ಎಂಬ ಹೆಸರೂ ಇದ್ದ ತಂಗಿ ವೀರಲದೇವಿ ಹುಂಚದ ವೀರಸಾಂತರನ ಕೈಹಿಡಿದಳು. ರಾಜ್ಯವನ್ನು ಕಳೆದುಕೊಂಡ ಗಂಗರು ಹೆಣ್ಣುಮಕ್ಕಳ ಮೂಲಕ ಪೂರ್ವದ ತಮಿಳು ಸೀಮೆಯನ್ನೂ ಪಶ್ಚಿಮದ ಮಲೆನಾಡನ್ನೂ ಬೆಸೆದುಕೊಂಡುದನ್ನು ಇಲ್ಲಿ ಕಾಣಬಹುದು. ಅರುಮುಳಿ ಎಂಬ ತಂದೆಯ ಹೆಸರಿನಲ್ಲಿಯೂ ಕಾಡುವೆಟ್ಟಿ ಎಂಬ ಪತಿಯ ಬಿರುದಿನಲ್ಲಿಯೂ ತಮಿಳಿನ ಛಾಯೆ ಸ್ಪಷ್ಟವಾಗಿದೆ.

ಚಟ್ಟಲದೇವಿಯ ಬದುಕಿನ ಮುಂದಿನ ಘಟ್ಟ ಅಗಲಿಕೆಗಳದು. ಪತಿ ತೀರಿಕೊಂಡನು, ತಂದೆತಾಯಿಗಳು, ತಂಗಿ, ಸಹೋದರ ರಾಜಾದಿತ್ಯ ಒಬ್ಬರಾದ ಮೇಲೊಬ್ಬರು ಇಲ್ಲವಾದರು. ತಂಗಿಗೆ ನಾಲ್ವರು ಗಂಡುಮಕ್ಕಳು: ಭುಜಬಲಸಾಂತರನೆನಿಸಿದ ತೈಲ, ನನ್ನಿಸಾಂತರನೆನಿಸಿದ ಗೊಗ್ಗಿಗ, ವಿಕ್ರಮಸಾಂತರನೆನಿಸಿದ ಒಡ್ಡುಗ ಮತ್ತು ಬರ್ಮದೇವ. ದೊಡ್ಡಮ್ಮನಾದ ಚಟ್ಟಲದೇವಿ ಇವರನ್ನು ತನ್ನ ಹೊಟ್ಟೆಯ ಮಕ್ಕಳೆಂದೇ ಭಾವಿಸಿ ಬೆಳೆಸಿದಳು. ಹಿರಿಯನಾದ ಭುಜಬಲಸಾಂತರನು 1065ರಲ್ಲಿ ತನ್ನ ಹೆಸರಿನ ಜಿನಾಲಯವನ್ನು ಹುಂಚದಲ್ಲಿ ಮಾಡಿಸಿ, ಗುರು ಕನಕನಂದಿಗೆ ಹರವರಿ ಗ್ರಾಮವನ್ನು ದತ್ತಿಯಾಗಿ ಬಿಟ್ಟನು. ಒಂದು ರಾಜಮನೆತನದ ಪೀಳಿಗೆಯನ್ನು ಕೈಹಿಡಿದು ನಡೆಸಿದವಳೆಂಬ ಗೌರವ ಅವಳಿಗೆ ಸಲ್ಲುತ್ತದೆ.

ಈ ಹಿನ್ನೆಲೆಯಲ್ಲಿ ನೋಡಿದಾಗ ಮಾತ್ರ ಪಂಚಕೂಟ ಬಸದಿಯ ಅರ್ಥ ತಿಳಿಯುತ್ತದೆ. ಉರ್ವೀತಿಲಕವೆಂದು ಹೆಸರಾದ ಈ ಜಿನಾಲಯದಲ್ಲಿ ಐದು ಗರ್ಭಗೃಹಗಳು ಒಂದೇ ಸಾಲಿನಲ್ಲಿವೆ. ಎದುರಿನ ಮಾನಸ್ತಂಭವು ತನ್ನ ಕೆತ್ತನೆಯಿಂದ ಪ್ರಸಿದ್ಧವಾಗಿದೆ. ಅರುಮುಳಿದೇವ, ಗಾವಬ್ಬರಸಿ, ವೀರಲದೇವಿ, ರಾಜಾದಿತ್ಯ ಈ ನಾಲ್ವರ ಪರೋಕ್ಷವಿನಯಕ್ಕಾಗಿ ಇದನ್ನು ಮಾಡಿಸಲಾಯಿತು. ಪರೋಕ್ಷವಿನಯವೆಂದರೆ ಕಣ್ಮರೆಯಾದವರಿಗೆ ಸಲ್ಲಿಸುವ ಗೌರವ. ಅದು ಜೈನ ಪರಂಪರೆಯಲ್ಲಿ ಬಹುಮಟ್ಟಿಗೆ ನಿಸಿದಿಗಲ್ಲಿನ ರೂಪದಲ್ಲಿ ನೆರವೇರುತ್ತಿತ್ತು. ಚಟ್ಟಲದೇವಿ ಅದನ್ನು ಒಂದು ಮಹಾಜಿನಾಲಯವಾಗಿ ಹಿಗ್ಗಿಸಿದಳು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಸ್ಮರಣೆಗೊಂಡವರೆಲ್ಲರೂ ಅವಳ ತವರಿನವರು. ತಂಗಿಯಾದರೂ ಹುಂಚದ ರಾಣಿಯಾಗಿದ್ದವಳು. ಹೀಗೆ ಗಂಗರ ಮನೆಯ ನೆನಪು ಸಾಂತರರ ನೆಲದಲ್ಲಿ, ಸಾಂತರ ಕುಮಾರರ ಸಮ್ಮತಿ ಸಹಕಾರಗಳೊಡನೆ ಸ್ಥಾವರವಾಯಿತು. ಅವಳ ಧರ್ಮಕಾರ್ಯ ಇಷ್ಟಕ್ಕೇ ನಿಲ್ಲಲಿಲ್ಲ. ಕೆರೆ, ಬಾವಿ, ಸತ್ರ, ತೋಪುಗಳನ್ನು ಅವಳು ಮಾಡಿಸಿದಳೆಂದೂ, ಆಹಾರ, ಅಭಯ, ಭೈಷಜ್ಯ, ಶಾಸ್ತ್ರಗಳೆಂಬ ಚತುರ್ವಿಧ ದಾನಗಳಲ್ಲಿ ನಿರತಳಾಗಿದ್ದಳೆಂದೂ ತಿಳಿದುಬರುತ್ತದೆ.

ವಂಶಸಂಬಂಧಗಳನ್ನು ಒರೆಗೆ ಹಚ್ಚಲು ಗುರುಪರಂಪರೆಯೂ ನೆರವಾಗುತ್ತದೆ. ಒಡೆಯದೇವನೆಂಬ ಹೆಸರೂ ಇದ್ದ ಶ್ರೀವಿಜಯ ಭಟ್ಟಾರಕನು ಚಟ್ಟಲದೇವಿಯ ಗುರು. ರಕ್ಕಸಗಂಗ, ವೀರಸಾಂತರ, ನನ್ನಿಸಾಂತರ ಇವರಿಗೂ ಅವನೇ ಗುರು. ಸಾಕಿದ ದೊಡ್ಡಪ್ಪ, ತಂಗಿಯ ಪತಿ, ತಂಗಿಯ ಮಗ ಹೀಗೆ ಮೂರು ಸಂಬಂಧಗಳು ಒಬ್ಬನೇ ಗುರುವಿನಲ್ಲಿ ಸಂಧಿಸುವುದು ವಂಶಾವಳಿಗೆ ದೊರೆಯುವ ಸ್ವತಂತ್ರ ಬೆಂಬಲವಾಗಿದೆ. ಶ್ರೀವಿಜಯನು ನಂದಿಗಣದ ಅರುಂಗಳಾನ್ವಯಕ್ಕೆ ಸೇರಿದವನು. ಈ ಅನ್ವಯದ ಬೇರುಗಳು ತಮಿಳು ಸೀಮೆಯಲ್ಲಿರುವುದರಿಂದ, ತೊಂಡನಾಡಿನೊಡನೆ ಚಟ್ಟಲದೇವಿಗಿದ್ದ ನಂಟು ವಿವಾಹಕ್ಕೆ ಮಾತ್ರ ಸೀಮಿತವಾಗಿರಲಿಲ್ಲವೆಂದು ಹೇಳಬಹುದು.

ಹುಂಚದ ಶಾಸನಗಳನ್ನು ಬಳಸುವ ಸಂಶೋಧಕರು ಇನ್ನೊಂದು ಎಚ್ಚರವನ್ನು ವಹಿಸಬೇಕು. ಸಾಂತರ ವಂಶದಲ್ಲಿ ಚಟ್ಟಲದೇವಿ ಎಂಬ ಹೆಸರಿನವರು ಇಬ್ಬರು. ನಂತರದ ತಲೆಮಾರಿನ ತೈಲನ ರಾಣಿಯೂ ಚಟ್ಟಲದೇವಿಯೇ. ಅವಳ ಮಗಳು ಪಂಪಾದೇವಿ, ಮೊಮ್ಮಗಳು ಬಾಚಲದೇವಿ. ಪಂಪಾದೇವಿಯ ಸಹೋದರ ವಿಕ್ರಮಸಾಂತರನೆನಿಸಿದ ಶ್ರೀವಲ್ಲಭ. 1147ರ ಶಾಸನದಂತೆ ಇವರು ಉರ್ವೀತಿಲಕಕ್ಕೆ ಉತ್ತರದ ಪಟ್ಟಶಾಲೆಯನ್ನು ಸೇರಿಸಿದರು. ಇಬ್ಬರು ಚಟ್ಟಲದೇವಿಯರನ್ನು ಒಬ್ಬಳೆಂದು ಭಾವಿಸಿದರೆ, ತಂಗಿಯ ಮಕ್ಕಳನ್ನು ಸಾಕಿದವಳಿಗೆ ಬೇರೊಬ್ಬಳ ಮಗಳನ್ನು ಕಲ್ಪಿಸಿದಂತಾಗುತ್ತದೆ. ಇಬ್ಬರನ್ನೂ ಬೇರ್ಪಡಿಸಿ ನೋಡಿದಾಗ, ದೊಡ್ಡಮ್ಮನ ಹೆಸರು ಮುಂದಿನ ಪೀಳಿಗೆಯಲ್ಲಿ ಮತ್ತೆ ಕೇಳಿಬರುವುದೂ, ಅವಳು ಕಟ್ಟಿಸಿದ ಬಸದಿಯನ್ನು ಎಪ್ಪತ್ತು ವರ್ಷಗಳ ಬಳಿಕ ಆ ಮನೆಯ ಸ್ತ್ರೀಯರೇ ಬೆಳೆಸಿದುದೂ ಕಾಣಿಸುತ್ತದೆ.

ರಾಜವಂಶಗಳ ಚರಿತ್ರೆಯನ್ನು ತಂದೆಯಿಂದ ಮಗನಿಗೆ ಇಳಿಯುವ ಒಂದೇ ಗೆರೆಯಾಗಿ ಬರೆಯುವ ಪದ್ಧತಿಯಲ್ಲಿ ಚಟ್ಟಲದೇವಿಗೆ ಎಡೆಯಿಲ್ಲ. ಆ ಗೆರೆಯಲ್ಲಿ ಅವಳು ಸಾಂತರಳೂ ಅಲ್ಲ, ಗಂಗರ ಉತ್ತರಾಧಿಕಾರಿಯೂ ಅಲ್ಲ. ಅಕ್ಕತಂಗಿಯರ, ಸಾಕುತಾಯಿಯರ, ಗುರುಶಿಷ್ಯರ ಸಂಬಂಧಗಳನ್ನೂ ವಂಶಾವಳಿಯ ಭಾಗವೆಂದು ಒಪ್ಪಿದಾಗ ಮಾತ್ರ ಗಂಗ, ಪಲ್ಲವ, ಸಾಂತರ ಮನೆತನಗಳ ಮೂರು ಎಳೆಗಳು ಅವಳಲ್ಲಿ ಕೂಡುವುದು ಗೋಚರಿಸುತ್ತದೆ. ಅರುಮುಳಿದೇವನಿಗೆ ರಾಜ್ಯವಿರಲಿಲ್ಲ, ಗಾವಬ್ಬರಸಿಗೆ ಪ್ರಶಸ್ತಿಕಾರರಿರಲಿಲ್ಲ. ಆದರೂ ಅವರ ಹೆಸರುಗಳು ಹುಂಚದ ಕಲ್ಲಿನಲ್ಲಿ ಉಳಿದಿವೆ. ಉಳಿಸಿದವಳು ಅವರ ಮಗಳು.