ಮ್ಯಾಕ್ಸ್‌ವೆಲ್ ಮಾತನ್ನು ಪರೀಕ್ಷಿಸಿದ ವಿದ್ಯಾರ್ಥಿ

ಪಠ್ಯದಲ್ಲಿ ಅಚ್ಚಾದದ್ದನ್ನು ನಾನು ಸಾಮಾನ್ಯವಾಗಿ ಪ್ರಶ್ನಿಸುವುದಿಲ್ಲ. ಪರೀಕ್ಷೆ ಹತ್ತಿರವಿದ್ದರಂತೂ ಇಲ್ಲವೇ ಇಲ್ಲ. ಅದಕ್ಕೇ ಎಡ್ವಿನ್ ಹಾಲ್ ಅವರ ಜೀವನ ನನ್ನ ಮನಸ್ಸಿಗೆ ನಾಟಿತು.

1855ರಲ್ಲಿ ಅಮೆರಿಕದ ಮೇಯ್ನ್ ರಾಜ್ಯದಲ್ಲಿ ಹುಟ್ಟಿದ ಹಾಲ್, ಪದವಿಯ ನಂತರ ಎರಡು ವರ್ಷ ಶಾಲೆಯಲ್ಲಿ ದುಡಿದು, 1877ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದರು. ಅಯಸ್ಕಾಂತದ ಬಲ ತಂತಿಯ ಮೇಲೆ ಬೀಳುತ್ತದೆಯೇ ಹೊರತು ಅದರೊಳಗೆ ಹರಿಯುವ ವಿದ್ಯುತ್ತಿನ ಮೇಲಲ್ಲ ಎಂದು ಮಹಾವಿಜ್ಞಾನಿ ಮ್ಯಾಕ್ಸ್‌ವೆಲ್ ಬರೆದಿದ್ದರು. ವಿದ್ಯುತ್ ಹರಿಯದಿದ್ದರೆ ಬಲವೇ ಇಲ್ಲವಲ್ಲ ಎಂಬುದು ಹಾಲ್ ಅವರ ಅನುಮಾನ. ಗುರು ಹೆನ್ರಿ ರೋಲಂಡ್ ಗದರಿಸಲಿಲ್ಲ. ತಮಗೂ ಅದೇ ಸಂಶಯವಿದೆ, ಒಮ್ಮೆ ಪ್ರಯೋಗ ಮಾಡಿ ಏನೂ ಸಿಗಲಿಲ್ಲ ಎಂದು ಹೇಳಿದರು. ಇಂಥ ಗುರು ಸಿಗುವುದೂ ಪುಣ್ಯವೇ.

ಹಾಲ್ ಅವರ ಮೊದಲ ಪ್ರಯತ್ನವೂ ಸೋತಿತು. ಆಮೇಲೆ ಗಾಜಿಗೆ ಅಂಟಿಸಿದ ತೆಳು ಚಿನ್ನದ ಹಾಳೆಯಲ್ಲಿ ವಿದ್ಯುತ್ ಹರಿಸಿ, ಅದನ್ನು ವಿದ್ಯುತ್ಕಾಂತದ ಧ್ರುವಗಳ ನಡುವೆ ಇಟ್ಟರು. 1879ರ ಅಕ್ಟೋಬರ್‌ನಲ್ಲಿ ಗ್ಯಾಲ್ವನೋಮೀಟರ್ ಅಲುಗಿತು: ಹಾಳೆಯ ಅಡ್ಡಲಾಗಿ ಪುಟ್ಟದೊಂದು ವೋಲ್ಟೇಜ್ ಹುಟ್ಟಿತ್ತು. ಅವರಿಗಿನ್ನೂ 23 ವರ್ಷ. ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷ ಬಾಕಿಯಿತ್ತು. ಕೆಲವೇ ದಿನಗಳಲ್ಲಿ, ನವೆಂಬರ್ 5ರಂದು, ಮ್ಯಾಕ್ಸ್‌ವೆಲ್ ತೀರಿಕೊಂಡರು.

ಲೋಹಗಳಲ್ಲಿ ಈ ವೋಲ್ಟೇಜ್ ತೀರಾ ಅಲ್ಪ. ಅರೆವಾಹಕಗಳಲ್ಲಿ ಹೆಚ್ಚು, ಹಾಗಾಗಿ ಮುಂದೆ ಅದು ಸೆನ್ಸರ್ ಆಯಿತು. ಇಂದು ಅನೇಕ ವಾಷಿಂಗ್ ಮೆಷಿನ್‌ಗಳ ಮೋಟಾರಿನಲ್ಲಿ ಹಾಲ್ ಸೆನ್ಸರ್ ಇದೆ. ತಿರುಗುವ ಅಯಸ್ಕಾಂತಗಳು ಎದುರಿನಿಂದ ಹಾದುಹೋದಂತೆ ಅದು ಸಂಕೇತ ಕೊಡುತ್ತದೆ. ಅದರಿಂದ ವೇಗ ತಿಳಿಯುತ್ತದೆ. ನೀರು ತುಂಬುವ ಮುನ್ನ ಮೆಷಿನ್ ಒಣಬಟ್ಟೆಯನ್ನು ಸ್ವಲ್ಪ ತಿರುಗಿಸಿ ನೋಡುವುದನ್ನು ನಾವೆಲ್ಲ ಕಂಡಿದ್ದೇವೆ. ಒಳಗೆ ತಕ್ಕಡಿ ಇದೆ ಎಂದೇ ನಾನು ಭಾವಿಸಿದ್ದೆ. ವಾಸ್ತವದಲ್ಲಿ ಅಲ್ಲಿ ಅಳತೆಯಾಗುವುದು ಜಡತ್ವ. ಎರಡು ಅಂಗಿ ಇದ್ದರೆ ಡ್ರಮ್ ಬೇಗ ವೇಗ ಹಿಡಿಯುತ್ತದೆ, ಕಂಬಳಿ ಇದ್ದರೆ ನಿಧಾನ. ಅದರ ಲೆಕ್ಕದಲ್ಲೇ ನೀರು ಮತ್ತು ಸಮಯ ನಿಗದಿಯಾಗುತ್ತವೆ. ಹಿಂಡುವಾಗ ಬಟ್ಟೆಯೆಲ್ಲ ಒಂದೇ ಕಡೆ ಗುಡ್ಡೆಯಾದರೆ ಪ್ರತಿ ಸುತ್ತಿನಲ್ಲೂ ವೇಗ ಏರಿಳಿಯುತ್ತದೆ. ಅದನ್ನು ಗ್ರಹಿಸಿ ಮೆಷಿನ್ ನಿಧಾನವಾಗಿ, ಬಟ್ಟೆಯನ್ನು ಹರಡಿಕೊಂಡು, ಮತ್ತೆ ಪ್ರಯತ್ನಿಸುತ್ತದೆ.

ಹಾಲ್ 1881ರಲ್ಲಿ ಹಾರ್ವರ್ಡ್ ಸೇರಿ 1921ರವರೆಗೂ ಪಾಠ ಮಾಡಿದರು. ಶಾಲಾ ಮಕ್ಕಳು ಭೌತಶಾಸ್ತ್ರವನ್ನು ಬಾಯಿಪಾಠ ಮಾಡದೆ ಕೈಯಾರೆ ಮಾಡಿ ಕಲಿಯಬೇಕೆಂಬುದು ಅವರ ಹಟ. ಹಾರ್ವರ್ಡ್ ಪ್ರವೇಶ ಬಯಸುವವರಿಗಾಗಿ 40 ಪ್ರಯೋಗಗಳ ಪಟ್ಟಿಯೊಂದು ಅವರ ಶ್ರಮದಿಂದ ಹೊರಬಂತು. ಅಮೆರಿಕದ ಶಾಲೆಗಳಲ್ಲಿ ಪ್ರಯೋಗಾಲಯಗಳು ಹೆಚ್ಚಲು ಅದೂ ಒಂದು ಕಾರಣ. 1938ರಲ್ಲಿ ತೀರಿಕೊಂಡಾಗ ಅವರಿಗೆ 83 ವರ್ಷ.