ಆನೆ ಮೇಲೆ ಕುಳಿತು ತೇಗದ ಮರ ಎಣಿಸಿದ ಡೀಟ್ರಿಚ್ ಬ್ರಾಂಡಿಸ್: ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರ ಕಥೆ

ಒಂದು ಕಾಡಿನಲ್ಲಿ ವರ್ಷಕ್ಕೆ ಎಷ್ಟು ಮರ ಕಡಿಯಬಹುದು? 19ನೇ ಶತಮಾನದ ಬರ್ಮಾದಲ್ಲಿ ಇದಕ್ಕೆ ಉತ್ತರ ಕೊಡುತ್ತಿದ್ದುದು ಮರದ ವ್ಯಾಪಾರಿಗಳ ಬೇಡಿಕೆ. ಉತ್ತರವನ್ನು ಮರದ ಬೆಳವಣಿಗೆಯ ವೇಗದಲ್ಲಿ ಹುಡುಕಬೇಕು ಎಂದು ಪಟ್ಟು ಹಿಡಿದವರು ಜರ್ಮನಿಯ ಸಸ್ಯವಿಜ್ಞಾನಿ ಡೀಟ್ರಿಚ್ ಬ್ರಾಂಡಿಸ್.

1824ರಲ್ಲಿ ಬಾನ್ ನಗರದಲ್ಲಿ ಹುಟ್ಟಿದ ಬ್ರಾಂಡಿಸ್ ಅವರ ತಂದೆ ತತ್ವಶಾಸ್ತ್ರದ ಪ್ರಾಧ್ಯಾಪಕರು. ಬ್ರಾಂಡಿಸ್ ಸಸ್ಯಶಾಸ್ತ್ರ ಓದಿ ಬಾನ್‌ನಲ್ಲೇ ಪಾಠ ಮಾಡುತ್ತಿದ್ದರು. ಅವರ ಪತ್ನಿ ರೇಚಲ್, ಸೆರಾಂಪುರದ ಮಿಷನರಿ ಜೋಶುವಾ ಮಾರ್ಷ್‌ಮನ್ ಅವರ ಮಗಳು. ಈ ಸಂಬಂಧದ ಮೂಲಕ ಬ್ರಾಂಡಿಸ್ ಹೆಸರು ಗವರ್ನರ್ ಜನರಲ್ ಡಾಲ್‌ಹೌಸಿ ಅವರ ಕಿವಿಗೆ ಬಿತ್ತು. 1856ರಲ್ಲಿ ಅವರು ಪೆಗು ಪ್ರಾಂತ್ಯದ ತೇಗದ ಕಾಡುಗಳ ಉಸ್ತುವಾರಿ ವಹಿಸಿಕೊಂಡರು.

ಎಡಗೈಯಲ್ಲಿ ನಾಲ್ಕು ಕಡ್ಡಿ

ಹಡಗು ಕಟ್ಟಲು ತೇಗಕ್ಕೆ ಸಮನಾದ ಮರ ಇರಲಿಲ್ಲ. ಹೀಗಾಗಿ ಪಕ್ಕದ ತೆನಾಸೆರಿಮ್ ಪ್ರದೇಶದ ಕಾಡುಗಳು ಆಗಲೇ ಬರಿದಾಗಿದ್ದವು. ಪೆಗುವಿಗೂ ಅದೇ ಗತಿ ಬರುವ ಅಪಾಯವಿತ್ತು. ಆದರೆ ಅಲ್ಲಿ ಎಷ್ಟು ತೇಗವಿದೆ ಎಂಬ ಲೆಕ್ಕವೇ ಯಾರ ಬಳಿಯೂ ಇರಲಿಲ್ಲ.

ಬ್ರಾಂಡಿಸ್ ಆನೆ ಏರಿ ಕಾಡಿಗೆ ಹೊರಟರು. ಎಡಗೈಯಲ್ಲಿ ನಾಲ್ಕು ಕಡ್ಡಿ, ಬಲಗೈಯಲ್ಲಿ ಚಾಕು. ಒಂದೊಂದು ಕಡ್ಡಿ ಒಂದೊಂದು ಗಾತ್ರದ ಮರಕ್ಕೆ ಮೀಸಲು. ದಾರಿಯಲ್ಲಿ ಸಿಕ್ಕ ಪ್ರತಿ ತೇಗಕ್ಕೂ ಆಯಾ ಕಡ್ಡಿಯ ಮೇಲೆ ಒಂದು ಗೀರು. ಇಡೀ ಕಾಡನ್ನು ಎಣಿಸುವುದು ಆಗದ ಮಾತು. ಹಾಗಾಗಿ ತಾವು ಸಾಗಿದ ಪಟ್ಟಿಯ ಲೆಕ್ಕದಿಂದಲೇ ಉಳಿದ ಕಾಡಿನ ಅಂದಾಜು ಹಾಕಿದರು.

6 ಅಡಿಗಿಂತ ಹೆಚ್ಚು ಸುತ್ತಳತೆಯ ಮರಗಳು ಮೊದಲ ದರ್ಜೆ. ಕಡಿಯಲು ಅವಕಾಶ ಇವಕ್ಕೆ ಮಾತ್ರ. ನಾಲ್ಕೂವರೆಯಿಂದ 6 ಅಡಿಯವು ಎರಡನೇ ದರ್ಜೆ. ಎರಡನೇ ದರ್ಜೆಯ ಮರ ಮೊದಲ ದರ್ಜೆಗೆ ಏರಲು ಸುಮಾರು 24 ವರ್ಷ ಬೇಕು ಎಂಬುದು ಅವರ ಅಂದಾಜು. ಅಂದರೆ ಮೊದಲ ದರ್ಜೆಯ ಮರಗಳಲ್ಲಿ ವರ್ಷಕ್ಕೆ 24ರಲ್ಲಿ ಒಂದು ಪಾಲನ್ನಷ್ಟೇ ಕಡಿಯಬಹುದು. ಉದಾಹರಣೆಗೆ, 24,000 ದೊಡ್ಡ ಮರಗಳಿದ್ದರೆ ವರ್ಷಕ್ಕೆ 1,000. ಎರಡನೇ ದರ್ಜೆಯ ಮರಗಳು ಸಾಕಷ್ಟಿದ್ದರೆ, ಕೊನೆಯ ದೊಡ್ಡ ಮರ ಉರುಳುವ ಹೊತ್ತಿಗೆ ಹೊಸ ತಲೆಮಾರು ಸಿದ್ಧವಾಗಿರುತ್ತದೆ. ಅಸಲು ಮುಟ್ಟದೆ ಬಡ್ಡಿಯಲ್ಲಿ ಬದುಕುವ ಲೆಕ್ಕ ಇದು.

ಈ ಮಿತಿ ರಂಗೂನಿನ ಮರದ ವ್ಯಾಪಾರಿಗಳಿಗೆ ಹಿಡಿಸಲಿಲ್ಲ. ವಿರೋಧ ಬಂದರೂ ಬ್ರಾಂಡಿಸ್ ತಮ್ಮ ಲೆಕ್ಕ ಬಿಟ್ಟುಕೊಡಲಿಲ್ಲ.

ಇಲಾಖೆ ಕಟ್ಟಿದರು, ಒಂದು ವಾದ ಸೋತರು

1864ರಲ್ಲಿ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ಮರುವರ್ಷವೇ ಅರಣ್ಯ ಕಾಯ್ದೆ ಬಂತು. 1878ರಲ್ಲಿ ಡೆಹ್ರಾಡೂನ್‌ನಲ್ಲಿ ಅರಣ್ಯ ಶಾಲೆ ಶುರುವಾಯಿತು.

ಅದೇ 1878ರಲ್ಲಿ ಬಂದ ಹೊಸ ಅರಣ್ಯ ಕಾಯ್ದೆ ಮಾತ್ರ ಇಂದಿಗೂ ಚರ್ಚೆಯ ವಿಷಯ. ಸರ್ಕಾರಿ ಕಾಡಿನ ಜತೆಗೆ ಹಳ್ಳಿಗರೇ ನೋಡಿಕೊಳ್ಳುವ ಗ್ರಾಮ ಅರಣ್ಯಗಳೂ ಬೇಕು ಎಂಬುದು ಬ್ರಾಂಡಿಸ್ ನಿಲುವಾಗಿತ್ತು. ಆದರೆ ಗೆದ್ದಿದ್ದು ಕಾಡಿನ ಮೇಲೆ ಸರ್ಕಾರಕ್ಕೇ ಪೂರ್ಣ ಹಿಡಿತ ಇರಬೇಕೆಂದ ಬೇಡನ್ ಪೊವೆಲ್ ಅವರ ವಾದ. ಸೌದೆ, ಸೊಪ್ಪು, ಮೇವಿಗೆ ಕಾಡು ನಂಬಿದ್ದ ಜನ ಅದರ ಬೆಲೆ ತೆತ್ತರು. ಬ್ರಾಂಡಿಸ್ ಕಟ್ಟಿದ ಇಲಾಖೆಯೇ ಈ ಕಾಯ್ದೆಯನ್ನು ಜಾರಿ ಮಾಡಿತು ಎಂಬುದೂ ಅವರ ಬದುಕಿನ ಲೆಕ್ಕಕ್ಕೆ ಸೇರಬೇಕು.

ಕೊಡಗಿನ ನಂಟು

ಕೊಡಗಿನ ದೇವರಕಾಡುಗಳು ಬ್ರಾಂಡಿಸ್ ಗಮನ ಸೆಳೆದಿದ್ದವು. ಜನರೇ ಕಾಪಾಡಿಕೊಂಡು ಬಂದ ಇಂಥ ಕಾಡುಗಳ ಬಗ್ಗೆ ಅವರು ಬರೆದಿದ್ದಾರೆ. ಕೊಡಗಿನ ರೈತರು ಬೆಳೆಯುವ ಮುಳ್ಳಿಲ್ಲದ ದಪ್ಪ ಬಿದಿರಿನ ವೈಜ್ಞಾನಿಕ ಹೆಸರು ಡೆಂಡ್ರೊಕಲಾಮಸ್ ಬ್ರಾಂಡಿಸಿ. ಅದು ಇವರದೇ ಹೆಸರು.

1883ರಲ್ಲಿ ನಿವೃತ್ತರಾಗಿ ಬಾನ್‌ಗೆ ಮರಳಿದ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಮುಂದೆ ಅಮೆರಿಕದ ಅರಣ್ಯ ಸೇವೆಯ ಮೊದಲ ಮುಖ್ಯಸ್ಥರಾದ ಗಿಫರ್ಡ್ ಪಿಂಚೊಗೆ ಮಾರ್ಗದರ್ಶಕರಾದರು. 'ಇಂಡಿಯನ್ ಟ್ರೀಸ್' ಎಂಬ ದೊಡ್ಡ ಗ್ರಂಥ 1906ರಲ್ಲಿ ಪ್ರಕಟವಾದಾಗ ಅವರ ವಯಸ್ಸು 82. ಮರುವರ್ಷ, 1907ರ ಮೇ ತಿಂಗಳಲ್ಲಿ ಬಾನ್‌ನಲ್ಲೇ ನಿಧನರಾದರು.

ಮರ ಅಳೆಯಲು ಇಂದು ಉಪಗ್ರಹ ಚಿತ್ರಗಳಿವೆ, ಡ್ರೋನ್‌ಗಳಿವೆ. ಆದರೆ ಸಹಜ ಕಾಡಿನಿಂದ ಎಷ್ಟು ತೆಗೆಯಬಹುದು ಎಂಬ ಪ್ರಶ್ನೆ ಬಂದಾಗ ಮೊದಲು ನೋಡಬೇಕಾದ ಸಂಖ್ಯೆ ಬದಲಾಗಿಲ್ಲ: ಕಡಿದ ಮರದ ಜಾಗಕ್ಕೆ ಇನ್ನೊಂದು ಮರ ಬೆಳೆದು ನಿಲ್ಲಲು ಎಷ್ಟು ವರ್ಷ ಬೇಕು?